ಆರು ಗೀಟಿನ ಕಟ್ಟು

ಸೋಮವಾರ ಬೆಳಿಗ್ಗೆ ಏಳೂವರೆಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮಾಲೀಕ ರಹಮತ್ತುಲ್ಲಾ ಸಾಹೇಬರು ಗಂಗುಲಪ್ಪನ ಚೀಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಅದರಲ್ಲಿದ್ದ ಗೀಟುಗಳನ್ನು ಎಣಿಸತೊಡಗಿದರು. ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೊದಲನೆಯ ಸಲ.

ಗಂಗುಲಪ್ಪ ಆ ಮಂಡಿಯಲ್ಲಿ ಗೀಟು ಹಾಕುವವನು. ತೋಟಗಳಿಂದ ಬಂದ ಕ್ರೇಟುಗಳು ಲಾರಿಗೆ ಏರುವಾಗ ಪಕ್ಕದಲ್ಲಿ ನಿಂತು ಒಂದು ಕ್ರೇಟಿಗೆ ಒಂದು ಗೀಟು ಎಳೆಯುವುದು ಅವನ ಕೆಲಸ. ಕಣ್ಣು ಕ್ರೇಟಿನ ಮೇಲೆ, ಕೈ ಕಾಗದದ ಮೇಲೆ. ಕಾಗದವನ್ನು ಅವನು ನೋಡುವುದೇ ಇಲ್ಲ. ಹಮಾಲರು ಎಷ್ಟೇ ಬೇಗ ಎಸೆಯಲಿ, ಒಂದೇ ಸಲಕ್ಕೆ ಇಬ್ಬರು ಎಸೆಯಲಿ, ಗೀಟು ತಪ್ಪಿದ್ದಿಲ್ಲ. ಅವನು ತುಂಬಿಸಿದ ಲಾರಿಯನ್ನು ಚೆನ್ನೈನಲ್ಲಿ ಇಳಿಸಿಕೊಳ್ಳುವವರು “ಗಂಗುಲಪ್ಪನ ಗೀಟಾ?” ಎಂದು ಕೇಳುತ್ತಿದ್ದರು. ಹೌದೆಂದರೆ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ, ಊರಿನಲ್ಲಿ ಯಾರೂ ಅವನ ಸಲಹೆ ಕೇಳುತ್ತಿರಲಿಲ್ಲ, ಸಿಟ್ಟಿನ ಮನುಷ್ಯ ಎಂದು ಮದುವೆ ಮಾತುಕತೆಗೆ ಕರೆಯುತ್ತಿರಲಿಲ್ಲ. ಇದ್ದದ್ದು ಗೀಟು ಒಂದೇ.

“ಏನ್ ಸಾಹೇಬ್ರೇ, ಏನ್ ಮಾಡ್ತಾ ಇದ್ದೀರಾ?”

“ಎಣಿಸ್ತಾ ಇದ್ದೀನಿ ಕಣಪ್ಪಾ.”

“ಯಾಕೆ?”

“ಸುಮ್ನೆ.”

“ಸುಮ್ನೆ ಎಣಿಸೋದಾದ್ರೆ ನಿಮ್ಮ ತಲೆ ಮೇಲಿನ ಕೂದಲು ಎಣಿಸ್ಕೊಳ್ಳಿ. ಬೇಗ ಮುಗಿಯುತ್ತೆ.”

ರಹಮತ್ತುಲ್ಲಾ ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಎಣಿಸಿ ಮುಗಿಸಿ, ತೋಟದವರು ಹೇಳಿದ ಲೆಕ್ಕಕ್ಕೆ ತಾಳೆ ನೋಡಿ, ಕನ್ನಡಕ ತೆಗೆದು, “ಇನ್ನೂರ ಹದಿನೈದು. ಸರಿಯಾಗಿದೆ” ಎಂದರು. ಸರಿಯಾಗಿದೆ ಎಂಬ ಆ ಮಾತು ಗಂಗುಲಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

“ಸರಿ ಇರುತ್ತೆ ಅಂತ ಗೊತ್ತಿರ್ಲಿಲ್ವಾ ನಿಮಗೆ?”

“ನೋಡು ಗಂಗುಲಪ್ಪಾ, ಶನಿವಾರ ಕೋಲಾರದಲ್ಲಿ ಆ ಬ್ಯಾಸ್ಕೆಟ್‌ಬಾಲ್‌ಗೆ ಗೀಟು ಹಾಕೋಕೆ ಹೋಗಿದ್ಯಲ್ಲಾ. ನಮ್ಮ ಹುಡುಗ ಜೀಶಾನ್ ಮೊಬೈಲಲ್ಲಿ ಪೂರ್ತಿ ನೋಡಿದ್ದಾನೆ. ಆ ಟೇಕಲ್ ಹುಡುಗ ಚೈತನ್ಯ ಹಿಡಿದಿದ್ದು ಇಪ್ಪತ್ತು ಅಂತಾನೆ. ಪೇಪರಲ್ಲಿ ಬಂದಿರೋದು ಇಪ್ಪತ್ನಾಲ್ಕು. ನಮ್ಮ ಜಿಲ್ಲೆ ಹುಡುಗ ಅಂತ ನಾಲ್ಕು ಸೇರಿಸಿ ಹಾಕಿದ್ಯಂತೆ. ಮಂಡಿಯೆಲ್ಲಾ ಅದೇ ಮಾತು. ನಾನು ಹೇಳ್ತಿಲ್ಲಪ್ಪಾ. ಅಲ್ಲಿ ನಾಲ್ಕು ಸೇರಿಸೋನು ಇಲ್ಲಿ ಸೇರಿಸಲ್ವಾ ಅಂತ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ?”

ಗಂಗುಲಪ್ಪ ಚೀಟಿ ಕಿತ್ತುಕೊಂಡು ಮುಂದಿನ ಲಾರಿಯ ಕಡೆ ನಡೆದ. ಅದನ್ನು ಮಂಡಿಯವರು ಒಪ್ಪಿಗೆ ಎಂದು ತಿಳಿದುಕೊಂಡರು.

ನಡೆದದ್ದು ಇಷ್ಟು. ದುಡ್ಡು ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ಲೀಗೊಂದರ ಪಂದ್ಯ ಕೋಲಾರದಲ್ಲಿ ಏರ್ಪಾಡಾಗಿತ್ತು. ಒಂದು ಕಡೆ ಕೋಲಾರದ ತಂಡ, ಇನ್ನೊಂದು ಕಡೆ ಕೊಚ್ಚಿಯ ತಂಡ. ಯಾವ ಆಟಗಾರ ಎಷ್ಟು ಅಂಕ ಗಳಿಸಿದ, ಎಷ್ಟು ಪಾಸು ಕೊಟ್ಟ, ಎಷ್ಟು ರಿಬೌಂಡ್ ಹಿಡಿದ ಎಂದು ಬರೆಯಲು ಲೀಗಿನವರು ನಾಲ್ಕು ಜನ ಬರಬೇಕಿತ್ತು. ಇಬ್ಬರಿಗೆ ಜ್ವರ, ಇಬ್ಬರು ಬಂದರು. ರಿಬೌಂಡ್ ಬರೆಯಲು ಜನ ಇರಲಿಲ್ಲ. ಪಂದ್ಯದ ಉಸ್ತುವಾರಿ ಹೊತ್ತಿದ್ದ ಮಾಲೂರಿನ ಟೈಲ್ಸ್ ಅಂಗಡಿಯ ಅನಿಲ್‌ಕುಮಾರ್‌ಗೆ ಗಂಗುಲಪ್ಪನ ನೆನಪಾಯಿತು. ಕಾಗದ ನೋಡದೆ ಗೀಟು ಎಳೆಯುವ ಮನುಷ್ಯ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ?

“ರಿಬೌಂಡ್ ಅಂದ್ರೇನಪ್ಪಾ?” ಎಂದು ಗಂಗುಲಪ್ಪ ಕೇಳಿದ್ದ.

“ಏನಿಲ್ಲ ಗಂಗುಲಪ್ಪಣ್ಣ. ಬುಟ್ಟಿಗೆ ಎಸೆದ ಚೆಂಡು ಒಳಕ್ಕೆ ಬೀಳದೆ ವಾಪಸ್ ಬರುತ್ತಲ್ಲಾ, ಅದನ್ನ ಯಾರು ಹಿಡೀತಾರೋ ಅವರ ಹೆಸರಿಗೆ ಒಂದು ಗೀಟು.”

“ಅಷ್ಟೇನಾ? ಇದಕ್ಕೆ ನಾಲ್ಕು ಜನ ಬೇಕಾ?”

ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳು ನಿಖತ್, ಮಾಲೂರಿನ ಹುಡುಗಿ. ಆಟದ ಕಾಲು ಭಾಗ, ಅಂದರೆ ಪ್ರತಿ ಕ್ವಾರ್ಟರ್, ಮುಗಿದ ಮೇಲೆ ಅವನ ಕಾಗದ ನೋಡಿ ಒಟ್ಟು ಮಾಡಿ ಟೈಪ್ ಮಾಡುವುದು ಅವಳ ಪಾಲಿನದು. ಪಂದ್ಯ ಮುಗಿಯಿತು, ಕೋಲಾರದವರು 81–76ರಲ್ಲಿ ಗೆದ್ದರು, ಗಂಗುಲಪ್ಪ ಕಾಗದವನ್ನು ಅವಳ ಕೈಗಿಟ್ಟು ಶ್ರೀನಿವಾಸಪುರದ ಬಸ್ಸಿಗೆ ಓಡಿದ. ಅವನು ಕಿಟಕಿಯ ಆಚೆ ನೋಡುವ ಗೋಜಿಗೆ ಹೋಗದೆ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದಾಗ ಇತ್ತ ಮೈಕಿನಲ್ಲಿ ಚೈತನ್ಯನಿಗೆ ಇಪ್ಪತ್ತನಾಲ್ಕು ರಿಬೌಂಡ್ ಎಂದು ಸಾರಿದರು. ಲೀಗಿನ ಹಳೆಯ ದಾಖಲೆ ಇಪ್ಪತ್ತೆರಡು. ಮರುದಿನ ಟೇಕಲ್ ಸ್ಟೇಷನ್ನಿನ ಎದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ಚೈತನ್ಯ ಚಿಕ್ಕದಾಗಿ, 24 ದೊಡ್ಡದಾಗಿ, ಅನಿಲ್‌ಕುಮಾರ್ ಎಲ್ಲಕ್ಕಿಂತ ದೊಡ್ಡದಾಗಿ ಇದ್ದರು.

ಮಂಗಳವಾರ ಗಂಗುಲಪ್ಪ ಮಂಡಿಗೆ ರಜೆ ಹಾಕಿ ಮಾಲೂರಿಗೆ ಹೋದ. ನಿಖತ್ ರೈಲ್ವೆ ಸ್ಟೇಷನ್ ಹತ್ತಿರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡಿದ್ದಳು. ಒಳಗೆ ಆರೇಳು ಜನ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಗಂಗುಲಪ್ಪ ಅವರನ್ನೆಲ್ಲ ಸರಿಸಿಕೊಂಡು ಮುಂದೆ ಹೋದ.

“ಏನಮ್ಮಾ, ಟೇಕಲ್ ಹುಡುಗನಿಗೆ ನಾಲ್ಕು ಹೆಚ್ಚಿಗೆ ಹಾಕಿದ್ಯಲ್ಲಾ, ಅವನೇನು ನಿಮ್ಮ ಕಡೆಯವನಾ?”

“ಅಂಕಲ್, ಕ್ಯೂ ಇದೆ.”

“ನನ್ನ ಮಾನ ಹೋಗಿದೆ. ಕ್ಯೂ ಅಂತೆ!”

ಹಿಂದಿನವನೊಬ್ಬ, “ಮಾನದ್ದು ಆನ್‌ಲೈನಲ್ಲಿ ಆಗಲ್ಲ ಯಜಮಾನ್ರೇ, ತಾಲ್ಲೂಕು ಆಫೀಸಿಗೇ ಹೋಗ್ಬೇಕು” ಎಂದ. ಗಂಗುಲಪ್ಪ ಅವನ ಕಡೆ ತಿರುಗಿದ್ದನ್ನು ನೋಡಿ ನಿಖತ್ ಬೇಗ ಲ್ಯಾಪ್‌ಟಾಪ್ ತೆರೆದಳು.

ಪರದೆಯ ಮೇಲೆ ಪಂದ್ಯದ ಲೆಕ್ಕವೆಲ್ಲ ಸಾಲಾಗಿ ನಿಂತಿತ್ತು. ಚೈತನ್ಯ, ಅಂಕ ಹದಿನಾಲ್ಕು, ಪಾಸು ಎರಡು, ಫೌಲು ನಾಲ್ಕು, ರಿಬೌಂಡ್ ಇಪ್ಪತ್ತನಾಲ್ಕು. ಗಂಗುಲಪ್ಪನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಬೆರಳಿಟ್ಟುಕೊಂಡು ಕೆಳಗಿನ ತನಕ ಹೋದ.

“ಎರಡೂ ತಂಡದೋರು ಎಸೆದು ತಪ್ಪಿದ ಚೆಂಡು ಎಷ್ಟು?”

“ಎಪ್ಪತ್ತೊಂದು.”

“ವಾಪಸ್ ಬಂದಾಗ ಹಿಡಿದಿದ್ದು?”

ನಿಖತ್ ಒಟ್ಟು ಮಾಡಿದಳು. “ಎಪ್ಪತ್ತೇಳು.”

“ಮಿಕ್ಕಿದ್ದು ಆರು ಚೆಂಡು ನಿಮ್ಮ ಮನೆಯಿಂದ ತಂದಿದ್ದೇನಮ್ಮಾ?”

ನಿಖತ್ ಇನ್ನೊಂದು ಸಲ ಒಟ್ಟು ಮಾಡಿದಳು. ಎಪ್ಪತ್ತೇಳೇ. ತಪ್ಪಿದ್ದಕ್ಕಿಂತ ಹಿಡಿದದ್ದು ಹೆಚ್ಚಾಗುವುದು ಯಾವ ಆಟದಲ್ಲೂ ಸಾಧ್ಯವಿಲ್ಲ. ಅವಳು ಒಂದು ಜೆರಾಕ್ಸ್ ಹಾಳೆ ತೆಗೆದು, ಅದರ ಹಿಂದೆ ಐದು ಗೀಟು ನಿಲ್ಲಿಸಿ, ಅವುಗಳ ಮೇಲೆ ಒಂದು ಅಡ್ಡಗೀಟು ಎಳೆದಳು.

“ನೀವು ಹೀಗೆ ಹಾಕಿದ್ರಿ ತಾನೇ? ಇದೆಷ್ಟು?”

“ಐದು.”

“ಆರು ಗೀಟು ಇದೆ ಅಂಕಲ್.”

“ಅಡ್ಡ ಇರೋದು ಹಗ್ಗ ಕಣಮ್ಮಾ! ಐದನ್ನ ಸೇರಿಸಿ ಕಟ್ಟೋ ಹಗ್ಗ. ಹಗ್ಗನೂ ಮಾರ್ತಾರಾ?”

“ನಮ್ಮಪ್ಪ ಇಟ್ಟಿಗೆ ಗೂಡಲ್ಲಿ ಲೆಕ್ಕ ಬರೀತಿದ್ರು. ಅಲ್ಲಿ ಹಗ್ಗಗಿಗ್ಗ ಇಲ್ಲ. ನಾಲ್ಕು ನಿಲ್ಲಿಸೋದು, ಐದನೇದನ್ನ ಅಡ್ಡ ಎಳೆಯೋದು. ಎಳೆದ ಗೀಟೆಲ್ಲಾ ಲೆಕ್ಕ. ನೀವು ಐದು ನಿಲ್ಲಿಸಿ ಒಂದು ಅಡ್ಡ ಎಳೆದಿದ್ರಿ. ಮಾವಿನಹಣ್ಣಿನೋರಲ್ವಾ, ಅರ್ಧ ಡಜನ್ನಿನ ಕಟ್ಟು ಅಂದ್ಕೊಂಡೆ.”

“ಅಂದ್ಕೊಳ್ಳೋದೇನು? ಕೇಳ್ಬೇಕಿತ್ತು.”

“ಕೇಳಿದೆ. ಎರಡನೇ ಕ್ವಾರ್ಟರಲ್ಲಿ ಕೇಳಿದೆ. ‘ಗೀಟು ಹಾಕುವಾಗ ಮಾತಾಡಿಸಿದ್ರೆ ಆ ಡಬ್ಬ ಎತ್ತಿ ಹೊರಗೆ ಎಸೀತೀನಿ’ ಅಂದ್ರಿ.”

ಗಂಗುಲಪ್ಪ ನೆನಪು ಮಾಡಿಕೊಂಡ. ಅಂದಿದ್ದ. ಡಬ್ಬ ಎಂದದ್ದು ಲ್ಯಾಪ್‌ಟಾಪಿಗೆ.

ಇಬ್ಬರೂ ಕೂತು ಲೆಕ್ಕ ಬಿಡಿಸಿದರು. ಚೈತನ್ಯನದು ನಾಲ್ಕು ಕಟ್ಟು. ಇಪ್ಪತ್ತು ಹೋಗಿ ಇಪ್ಪತ್ತನಾಲ್ಕಾಗಿದೆ. ಇನ್ನೊಬ್ಬನ ಹತ್ತು ಹನ್ನೆರಡಾಗಿದೆ. ಕೊಚ್ಚಿಯವನೊಬ್ಬನ ಹನ್ನೊಂದು ಹದಿಮೂರಾಗಿದೆ. ಒಟ್ಟು ಹನ್ನೊಂದು ಕಟ್ಟು, ಹನ್ನೊಂದು ಹಗ್ಗ. ಎಪ್ಪತ್ತೇಳರಲ್ಲಿ ಹನ್ನೊಂದು ಕಳೆದರೆ ಅರವತ್ತಾರು. ಉಳಿದ ಐದು ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದವು. ಲೆಕ್ಕ ಕೂತಿತು. ಸೋಮವಾರದಿಂದ ಈಚೆಗೆ ಗಂಗುಲಪ್ಪನಿಗೆ ಮೊದಲ ಸಲ ಉಸಿರು ಸರಿಯಾಗಿ ಆಡಿತು. ಗೀಟು ತಪ್ಪಿರಲಿಲ್ಲ.

ನಿಖತ್ ಲೀಗಿನ ಕಚೇರಿಗೆ ಫೋನ್ ಮಾಡಿದಳು. ತಿದ್ದಬಹುದು ಎಂದರು. ಆದರೆ ಗೀಟು ಹಾಕಿದ ಮೂಲ ಕಾಗದದ ಮೇಲೇ ಇಬ್ಬರೂ ಸಹಿ ಮಾಡಿ, ಅದರ ಫೋಟೋ ಕಳಿಸಬೇಕು. ಭಾನುವಾರ ಸಂಜೆ ಆರು ಗಂಟೆ ಕೊನೆ. ಆಮೇಲೆ ಆ ಪಂದ್ಯದ ಅಂಕಿಗಳಿಗೆ ಬೀಗ; ಇಪ್ಪತ್ತನಾಲ್ಕು ಅಂದರೆ ಇಪ್ಪತ್ತನಾಲ್ಕೇ, ಎಂದೆಂದಿಗೂ.

“ಕಾಗದ ಎಲ್ಲಿದೆ?”

“ಅನಿಲ್‌ಕುಮಾರ್ ಸರ್ ಇಸ್ಕೊಂಡ್ರು. ಫ್ರೇಮ್ ಹಾಕಿಸ್ತಾರಂತೆ.”

ಅನಿಲ್‌ಕುಮಾರ್ ಟೈಲ್ಸ್ ಅಂಗಡಿಯಲ್ಲೇ ಇದ್ದ. ಪೂರ್ತಿ ಕೇಳಿಸಿಕೊಂಡ. “ಗಂಗುಲಪ್ಪಣ್ಣ, ಭಾನುವಾರ ಟೇಕಲ್‌ನಲ್ಲಿ ಚೈತನ್ಯನಿಗೆ ಸನ್ಮಾನ. ಕಾರ್ಡು ಹಂಚಿಯಾಗಿದೆ. ಇಪ್ಪತ್ನಾಲ್ಕು ಮಾವಿನಹಣ್ಣಿನ ಹಾರ ಹೇಳಿದ್ದೀನಿ. ಈಗ ನೀವು ಬಂದು ಇಪ್ಪತ್ತು ಅಂದ್ರೆ?”

“ಇಪ್ಪತ್ತು ಅಂದ್ರೆ ಇಪ್ಪತ್ತು.”

“ಇಪ್ಪತ್ತಕ್ಕೆ ಯಾರು ಸನ್ಮಾನ ಮಾಡ್ತಾರಣ್ಣ?”

“ನನಗೆ ಕಾಗದ ಬೇಕು.”

“ಫ್ರೇಮಿನವನ ಹತ್ರ ಇದೆ. ಭಾನುವಾರ ನೇರವಾಗಿ ಸ್ಟೇಜಿಗೆ ಬರುತ್ತೆ. ಕಾರ್ಯಕ್ರಮ ಮುಗಿದ ಮೇಲೆ ತಗೊಳ್ಳಿ. ನೀವೂ ಬನ್ನಿ, ನಿಮಗೂ ಒಂದು ಶಾಲು ಇಟ್ಟಿದ್ದೀನಿ.”

ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ನಾಲ್ಕು ದಿನವೂ ರಹಮತ್ತುಲ್ಲಾ ಸಾಹೇಬರು ಚೀಟಿ ಎಣಿಸಿದರು. ನಾಲ್ಕು ದಿನವೂ ಸರಿಯಾಗಿತ್ತು. ನಡೆದ ವಿಷಯವನ್ನು ಗಂಗುಲಪ್ಪ ಎಲ್ಲರಿಗೂ ವಿವರಿಸಿದ. ಹಮಾಲರು ತಲೆಯಾಡಿಸಿದರು. ಅವರಲ್ಲಿ ಕದಿರೇಶ ಎಂಬುವನು, “ಹಂಗಾದ್ರೆ ಪೇಪರಲ್ಲಿ ತಿದ್ದಿ ಹಾಕ್ಲಿ ಬಿಡು, ನಂಬ್ತೀವಿ” ಎಂದ. ಗಂಗುಲಪ್ಪ ಅವನ ಜೊತೆ ಮಾತು ಬಿಟ್ಟ. ಬಿಟ್ಟದ್ದು ಕದಿರೇಶನಿಗೆ ಶನಿವಾರದವರೆಗೆ ಗೊತ್ತಾಗಲಿಲ್ಲ.

ಭಾನುವಾರ ನಾಲ್ಕಕ್ಕೆ ಶುರುವಾಗಬೇಕಿದ್ದ ಸಮಾರಂಭ ಐದೂ ಹತ್ತಕ್ಕೆ ಶುರುವಾಯಿತು. ಟೇಕಲ್ ಬೆಟ್ಟದ ಬದಿಯ ಶಾಲೆಯ ಮೈದಾನದಲ್ಲಿ ಶಾಮಿಯಾನ. ಮಾಲೂರಿನ ಇಟ್ಟಿಗೆ ಗೂಡುಗಳವರು ಒಂದು ಕಡೆ, ಶ್ರೀನಿವಾಸಪುರ ಸೀಮೆಯಿಂದ ಬಂದ ನೆಂಟರು ಇನ್ನೊಂದು ಕಡೆ ಕೂತಿದ್ದರು. ವೇದಿಕೆಯ ಮೇಲೆ ಚೈತನ್ಯ ಆರೂವರೆ ಅಡಿಯ ದೇಹವನ್ನು ಮದುವೆ ಮನೆಯ ಕುರ್ಚಿಯೊಂದರಲ್ಲಿ ಮಡಚಿ ಇಟ್ಟಿದ್ದ. ಕೊರಳಲ್ಲಿ ಇಪ್ಪತ್ತನಾಲ್ಕು ಮಾವಿನಹಣ್ಣಿನ ಹಾರ. ಅದರ ಭಾರಕ್ಕೆ ಅವನ ತಲೆ ಮುಂದಕ್ಕೆ ಬಾಗಿದ್ದರಿಂದ ಬಹಳ ವಿನಯವಂತನ ಹಾಗೆ ಕಾಣುತ್ತಿದ್ದ. ಮೇಜಿನ ಮೇಲೆ ಗಾಜು ಹಾಕಿದ ಫ್ರೇಮಿನೊಳಗೆ ಗಂಗುಲಪ್ಪನ ಕಾಗದ.

ಅನಿಲ್‌ಕುಮಾರ್ ಮೈಕ್ ಹಿಡಿದು, “ಇಪ್ಪತ್ತನಾಲ್ಕು ಎನ್ನುವುದು ಬರೀ ಒಂದು ಸಂಖ್ಯೆಯಲ್ಲ” ಎಂದು ಶುರು ಮಾಡಿ ಇಪ್ಪತ್ತು ನಿಮಿಷ ಮಾತಾಡಿದ. ಐದೂ ಮೂವತ್ತೈದಕ್ಕೆ, ಇತಿಹಾಸ ಬರೆದ ಕೈ ಇದು ಎಂದು ಗಂಗುಲಪ್ಪನನ್ನು ಕರೆದು ಶಾಲು ಹೊದಿಸಿ, ಎರಡು ಮಾತು ಆಡಿ ಎಂದ.

ಗಂಗುಲಪ್ಪ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದ.

“ಎರಡು ಮಾತು ಅಂದ್ರು. ಒಂದು, ಈ ಹುಡುಗ ಹಿಡಿದಿದ್ದು ಇಪ್ಪತ್ತು. ಎರಡು, ನಾನು ಬರೆದಿದ್ದೂ ಇಪ್ಪತ್ತು. ಓದಿದೋರು ಇಪ್ಪತ್ನಾಲ್ಕು ಓದಿದ್ರು. ಈ ಹುಡುಗಿ ನನ್ನ ಕೇಳಿದ್ಲು, ನಾನು ಗದರಿದೆ. ಅದಕ್ಕೆ ತಪ್ಪು ಮುಕ್ಕಾಲು ನಂದು, ಕಾಲು ಅವಳದು.”

“ಕಾಲೂ ನಂದಲ್ಲ” ಎಂದಳು ಕೆಳಗಿನಿಂದ ನಿಖತ್.

ಶಾಮಿಯಾನದಲ್ಲಿ ಗುಲ್ಲೆದ್ದಿತು. ಗಂಗುಲಪ್ಪ ಫ್ರೇಮನ್ನು ಎತ್ತಿ ತೋರಿಸಿದ. “ನೋಡ್ಕೊಳ್ಳಿ. ಐದು ಗೀಟು, ಮೇಲೊಂದು ಹಗ್ಗ. ಎಷ್ಟು?”

“ಐದು!” ಎಂದರು ಶ್ರೀನಿವಾಸಪುರದ ಕಡೆಯವರು.

“ಆರು!” ಎಂದರು ಮಾಲೂರಿನ ಗೂಡಿನವರು.

“ಏನ್ರೀ ಆರು? ಹಗ್ಗನೂ ಎಣಿಸ್ತೀರಾ?”

“ಎಳೆದ ಮೇಲೆ ಗೀಟು ಗೀಟೇ. ಬೇಡದಿದ್ರೆ ಯಾಕೆ ಎಳೀಬೇಕು?”

“ಅದಕ್ಕೇ ನಿಮ್ಮ ಇಟ್ಟಿಗೆ ಸಾವಿರ ತಂದ್ರೆ ಎಂಟ್ನೂರು ಇರುತ್ತೆ!”

“ಏಮಯ್ಯಾ, ಎವರಿಕಿ ಚೆಪ್ತಾವು?” ಎಂದು ಗೂಡಿನವರಲ್ಲೊಬ್ಬ ಮುದುಕ, ಯಾರಿಗೆ ಹೇಳ್ತೀಯ ಎಂಬುದನ್ನು ತೆಲುಗಿನಲ್ಲಿ ಕೇಳುತ್ತ, ಎದ್ದು ನಿಂತ. ಕುರ್ಚಿಗಳು ಸರಿದವು. ಬ್ಯಾಸ್ಕೆಟ್‌ಬಾಲನ್ನು ಎಲ್ಲರೂ ಮರೆತರು. ಅನಿಲ್‌ಕುಮಾರ್ ಗಂಗುಲಪ್ಪನ ಕೈಯಿಂದ ಫ್ರೇಮ್ ಕಿತ್ತುಕೊಂಡು ಎದೆಗೆ ಅವುಚಿಕೊಂಡ. ನಿಖತ್‌ಳ ಮೊಬೈಲಿನಲ್ಲಿ ಐದೂ ನಲವತ್ತನಾಲ್ಕು.

“ಕೊಡಪ್ಪಾ.”

“ಕೊಡಲ್ಲ. ಆರು ಗಂಟೆ ಆಗ್ಲಿ, ಕೊಡ್ತೀನಿ.”

ಆಗ ಚೈತನ್ಯ ಎದ್ದು ನಿಂತ. ಅವನು ನಿಂತರೆ ಶಾಮಿಯಾನದ ಅಂಚು ತಲೆಗೆ ತಾಗುತ್ತಿತ್ತು. ಬಗ್ಗಿ ಮೈಕಿನ ಹತ್ತಿರ ಬಾಯಿ ತಂದು, “ಇಪ್ಪತ್ತೇ” ಎಂದ.

ಗಲಾಟೆ ನಿಂತಿತು.

“ಗೊತ್ತಿತ್ತೇನಪ್ಪಾ ನಿನಗೆ?” ಎಂದು ಗಂಗುಲಪ್ಪ ಕೇಳಿದ.

“ಇಪ್ಪತ್ತರ ಹತ್ರ ಅನಿಸಿತ್ತಣ್ಣ. ಗೀಟು ಹಾಕಿದೋರು ನೀವು ಅಂದ್ರು. ನಿಮ್ಮ ಗೀಟು ತಪ್ಪಲ್ಲ ಅಂದ್ರು. ನಂಬಿದೆ.” ಹಾರ ಸರಿಮಾಡಿಕೊಂಡು, “ನಂಬೋಕೆ ಚೆನ್ನಾಗಿತ್ತು” ಎಂದ.

ಹಾಗೆ ಹೇಳಿದವನು ಅನಿಲ್‌ಕುಮಾರ್‌ನ ತಲೆಯ ಮೇಲಿಂದ ಕೈ ಚಾಚಿ ಫ್ರೇಮನ್ನು ಎತ್ತಿಕೊಂಡ. ಅನಿಲ್‌ಕುಮಾರ್ ಒಂದು ಸಲ ಹಾರಿ ನೋಡಿದ. ಚೈತನ್ಯನ ಇಪ್ಪತ್ತೊಂದನೆಯ ರಿಬೌಂಡ್ ಎನ್ನಬಹುದಾಗಿತ್ತು, ಆದರೆ ಬರೆಯುವವರು ಯಾರೂ ಇರಲಿಲ್ಲ.

ಫ್ರೇಮಿನ ಹಿಂದಿನ ಮೊಳೆಗಳನ್ನು ಹಣ್ಣು ಕೊಯ್ಯಲು ಇಟ್ಟಿದ್ದ ಚಾಕುವಿನಿಂದ ಕಿತ್ತರು. ಗಂಗುಲಪ್ಪ ಮೇಜಿನ ಮೇಲೇ ಸಹಿ ಹಾಕಿದ, ನಿಖತ್ ಹಾಕಿದಳು. ಫೋಟೋ ತೆಗೆದು ಕಳಿಸಿದರೆ ಹೋಗಲಿಲ್ಲ. ಮೈದಾನದಲ್ಲಿ ನೆಟ್‌ವರ್ಕ್ ಇರಲಿಲ್ಲ.

“ಸ್ಟೇಷನ್ನಲ್ಲಿ ಸಿಗುತ್ತೆ” ಎಂದ ಚೈತನ್ಯ.

ಮೂವರೂ ಓಡಿದರು. ನಿಖತ್ ಮೊಬೈಲ್ ಎತ್ತಿ ಹಿಡಿದು ಓಡಿದಳು, ಗಂಗುಲಪ್ಪ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಿದ, ಚೈತನ್ಯ ಹಾರ ತೆಗೆಯಲು ಮರೆತು ಮಾವಿನಹಣ್ಣು ಎದೆಗೆ ಬಡಿಯುತ್ತ ಓಡಿದ. ಪ್ಲಾಟ್‌ಫಾರಂ ತಲುಪಿದಾಗ ಐದೂ ಐವತ್ತೈದು. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ, ಊರಿನ ಹೆಸರು ಬರೆದ ಹಳದಿ ಬೋರ್ಡಿನ ಹತ್ತಿರ, ಫೋನಿನಲ್ಲಿ ಎರಡು ಕಡ್ಡಿ ಕಾಣಿಸಿತು. ಐದೂ ಐವತ್ತೇಳಕ್ಕೆ ಫೋಟೋ ಹೋಯಿತು. ಆರೂ ಹತ್ತಕ್ಕೆ ಉತ್ತರ ಬಂತು. ಒಂದೇ ಸಾಲು: ತಿದ್ದಲಾಗಿದೆ.

ಚೈತನ್ಯ ಬೆಂಚಿನ ಮೇಲೆ ಕೂತು ಹಾರದಿಂದ ನಾಲ್ಕು ಹಣ್ಣು ಕಿತ್ತು ಗಂಗುಲಪ್ಪನ ಕೈಗೆ ಕೊಟ್ಟ. “ಇದು ನಂದಲ್ಲ. ನಿಮ್ಮ ಹಗ್ಗದ್ದು.”

ಗಂಗುಲಪ್ಪ ಒಂದನ್ನು ಮೂಸಿ ನೋಡಿದ. “ಪೌಡರ್ ಹಾಕಿ ಹಣ್ಣು ಮಾಡಿದ್ದು. ಮಿಕ್ಕಿದ ಇಪ್ಪತ್ತನ್ನೂ ತಿನ್ಬೇಡ.”

“ಇಪ್ಪತ್ತು ಕಮ್ಮೀನಾ ಅಣ್ಣ?” ಎಂದು ಚೈತನ್ಯ ಹಳಿಯ ಕಡೆ ನೋಡುತ್ತ ಕೇಳಿದ.

“ನಾನು ಎರಡು ಗಂಟೆ ಕಣ್ಣು ಮಿಟುಕಿಸದೆ ನೋಡಿದ್ದೀನಿ ಕಣೋ. ಇಪ್ಪತ್ತು ಸಲ ನೀನು ಹಾರಿದ್ದು ನನಗೆ ಗೊತ್ತು. ಇಪ್ಪತ್ನಾಲ್ಕನ್ನ ಕಂಡೋರು ಯಾರೂ ಇಲ್ಲ.”

ಹುಡುಗನಿಗೆ ಸಮಾಧಾನ ಆಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮಾಲೂರಿನ ಕಡೆಯ ರೈಲು ಬಂತು, ನಿಖತ್ ಹತ್ತಿ ಹೋದಳು. ಹತ್ತುವ ಮುಂಚೆ, “ಅಂಕಲ್, ಮುಂದಿನ ಸಲ ನಾಲ್ಕು ನಿಲ್ಲಿಸಿ ಒಂದು ಅಡ್ಡ ಎಳೀರಿ” ಎಂದಳು. ಗಂಗುಲಪ್ಪ, “ಮುಂದಿನ ಸಲ ನೀನು ಹಗ್ಗ ಕಲಿತ್ಕೊಂಡು ಬಾ” ಎಂದ. ಮುಂದಿನ ಸಲ ಎಂಬುದು ಬರಲಿಲ್ಲ. ಲೀಗಿನವರ ಜ್ವರ ವಾಸಿಯಾಯಿತು. ಅದರ ನಂತರದ ಪಂದ್ಯದಲ್ಲಿ ಚೈತನ್ಯನಿಗೆ ಏಳು ರಿಬೌಂಡ್. ಅವರೇ ಬರೆದುಕೊಂಡರು. ಟೇಕಲ್‌ನ ಫ್ಲೆಕ್ಸನ್ನು ಯಾರೂ ಇಳಿಸಲಿಲ್ಲ. 24ರ ಮೇಲೆ ಯಾರೋ ಮನೆ ಬಾಡಿಗೆಯ ಚೀಟಿ ಅಂಟಿಸಿದರು.

ಸನ್ಮಾನದ ಮರುದಿನ, ಸೋಮವಾರ, ಪೇಪರಿನ ಒಳಪುಟದಲ್ಲಿ ತಿದ್ದುಪಡಿಯ ಎರಡು ಸಾಲು ಬಂದಿತ್ತು. ಮಂಡಿಯಲ್ಲಿ ಅದನ್ನು ಓದಿದವರು ಒಬ್ಬರು, ಓದಿಸಿಕೊಂಡವರು ಎಲ್ಲರೂ. ಏಳೂವರೆಗೆ ಮೊದಲ ಲಾರಿ ತುಂಬಿತು. ಗಂಗುಲಪ್ಪ ಚೀಟಿಯನ್ನು ರಹಮತ್ತುಲ್ಲಾ ಸಾಹೇಬರ ಮುಂದೆ ಹಿಡಿದ.

“ಎಣಿಸಿ ಸಾಹೇಬ್ರೇ.”

ಸಾಹೇಬರು ಕನ್ನಡಕವನ್ನು ಜೇಬಿನಿಂದ ತೆಗೆಯಲಿಲ್ಲ. “ಎಣಿಸೋದೇನು? ಹೊರಡಿಸು ಲಾರಿ.”

ಗಂಗುಲಪ್ಪ ಖುಷಿಯನ್ನು ತೋರಿಸಿಕೊಳ್ಳದೆ ಹಮಾಲರಿಗೆ ಬೈಯಲು ತಿರುಗಿದ.

“ಗಂಗುಲಪ್ಪಾ,” ಎಂದು ಸಾಹೇಬರು ಹಿಂದಿನಿಂದ ಕರೆದರು. “ಬೇಜಾರು ಮಾಡ್ಕೋಬೇಡ. ಹೊರಗಿನೋರು ಓದ್ತಾರೆ ನೋಡು, ಕೆಳಗಡೆ ಅಂಕೀಲೂ ಬರೆದುಬಿಡು.”

ಇಪ್ಪತ್ತೆರಡು ವರ್ಷ ಯಾರೂ ಕೇಳದ ಮಾತು. ಅವನ ಕಿವಿ ಕೆಂಪಾಯಿತು. ಬಾಯಿಗೆ ಬಂದ ನಾಲ್ಕು ಮಾತುಗಳನ್ನು ಒಂದೊಂದಾಗಿ ನುಂಗಿದ. ಎರಡನೇ ಕ್ವಾರ್ಟರಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಅರ್ಧ ನಿಮಿಷ ಕೊಟ್ಟಿದ್ದರೆ ಇಷ್ಟೆಲ್ಲ ಇರಲಿಲ್ಲ. ಚೀಟಿಯನ್ನು ಲಾರಿಯ ಬಾಗಿಲಿಗೆ ಒತ್ತಿ ಹಿಡಿದು, ನಲವತ್ತೆರಡು ಕಟ್ಟು ಮತ್ತು ಬಿಡಿ ಮೂರರ ಕೆಳಗೆ, ದಪ್ಪ ಅಂಕಿಯಲ್ಲಿ, ಕಾಗದ ಹರಿಯುವ ಹಾಗೆ ಒತ್ತಿ ಬರೆದ:

213.